ಹನ್ನೆರಡು ಗ್ರಾಂ ಹರಳು, ನೂರ ಎಂಬತ್ತು ದಿನ

(ವಕೀಲರ ಸಂಘವೊಂದರಲ್ಲಿ ಕಿರಿಯ ವಕೀಲರ ಮುಂದೆ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಎರಡೆರಡು ಸಲ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ಯಾರಿಗಾದರೂ ತೂಕಡಿಕೆ ಬಂದರೆ ತಪ್ಪು ಅವರದ್ದಲ್ಲ, ಕಾರ್ಯದರ್ಶಿಗಳದ್ದು. ಅದಕ್ಕೇ ಸೆಕ್ಷನ್‌ಗಳಿಂದ ಶುರು ಮಾಡುವುದಿಲ್ಲ. ಒಂದು ಪೊಟ್ಟಣದಿಂದ ಶುರು ಮಾಡುತ್ತೇನೆ.

ಒಬ್ಬ ಹುಡುಗ. ಬೈಕ್ ನಿಲ್ಲಿಸಿ ತಪಾಸಣೆ ಮಾಡಿದಾಗ ಜೇಬಿನಲ್ಲಿ ಒಂದು ಜಿಪ್ ಕವರ್ ಸಿಕ್ಕಿತು ಅಂದುಕೊಳ್ಳಿ. ಒಳಗೆ ಬಿಳಿ ಹರಳು. ಸಾಕ್ಷಿಗಳಾಗಿ ಕರೆದ ಪಂಚರ ಮುಂದೆ ತೂಗಿದರು, 12 ಗ್ರಾಂ. ಕಿಟ್ ತೆಗೆದು ಎರಡು ಹನಿ ದ್ರಾವಣ ಹಾಕಿದರು, ಬಣ್ಣ ತಿರುಗಿತು. ಮಹಜರಿನಲ್ಲಿ ‘ಸದರಿ ವಸ್ತುವು ಎಂಡಿಎಂಎ ಎಂದು ಕಂಡುಬಂದಿರುತ್ತದೆ’ ಅಂತ ಬರೆದರು. ಕವರ್‌ಗೆ ಬಟ್ಟೆ ಸುತ್ತಿ, ಅರಗು ಹಾಕಿ, ಸೀಲ್ ಒತ್ತಿ, ಚೀಟಿಯ ಮೇಲೆ ಪಂಚರ ಸಹಿ ತೆಗೆದುಕೊಂಡರು. ನೀವೆಲ್ಲ ಇಂಥ ಮಹಜರು ನೂರು ಓದಿದ್ದೀರಿ.

ಈಗ ಲೆಕ್ಕ ಹಾಕೋಣ. ಮಾದಕ ವಸ್ತುಗಳ ಕಾಯ್ದೆ ಎನ್‌ಡಿಪಿಎಸ್ ಪ್ರಕಾರ, ಎಂಡಿಎಂಎ ಎಂಬ ಮಾದಕ ಆದರೆ 10 ಗ್ರಾಂಗೇ ವಾಣಿಜ್ಯ ಪ್ರಮಾಣ, ಅತಿ ಕಠಿಣ ಶಿಕ್ಷೆಯ ಮಟ್ಟ. ಅಂದರೆ ನಮ್ಮ ಹುಡುಗ ಗೆರೆ ದಾಟಿದ. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಶಿಕ್ಷೆ. ಜಾಮೀನಿಗೆ 37ನೇ ಸೆಕ್ಷನ್ ಅಡ್ಡ. ತನಿಖೆಗೆ 180 ದಿನ. ಅದೇ ಹರಳು ಎಂಡಿಎಂಎ ಅಲ್ಲದೆ ಮೆತಾಂಫೆಟಮಿನ್ ಆಗಿದ್ದರೆ? ಅದಕ್ಕೆ 2 ಗ್ರಾಂವರೆಗೆ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ 50 ಗ್ರಾಂ. 12 ಗ್ರಾಂ ನಡುವೆ ಬಿತ್ತು. ಶಿಕ್ಷೆ 10 ವರ್ಷದವರೆಗೆ. 37ರ ಅಡ್ಡಿ ಇಲ್ಲ. ತನಿಖೆಗೆ 60 ದಿನ. ಇನ್ನು ಅದು ಪಟ್ಟಿಯಲ್ಲೇ ಇಲ್ಲದ ಯಾವುದೋ ರಾಸಾಯನಿಕ ಆಗಿದ್ದರೆ ಎನ್‌ಡಿಪಿಎಸ್ ಕೇಸೇ ಇಲ್ಲ.

ಕವರ್ ಅದೇ, ತೂಕ ಅದೇ, ಹುಡುಗನೂ ಅವನೇ. ಮೂರರಲ್ಲಿ ಯಾವುದು ಅಂತ ಹೇಳಬೇಕಾದ್ದು ಲ್ಯಾಬು. ಕಿಟ್ಟಿನ ಬಣ್ಣ ಅನುಮಾನಕ್ಕೆ ಸಾಕು, ಬಂಧಿಸುವುದಕ್ಕೂ ಸಾಕು. ಅದಕ್ಕಿಂತ ಜಾಸ್ತಿ ಅದರ ಕೈಲಿ ಆಗುವುದಿಲ್ಲ.

ಈ ಲ್ಯಾಬ್ ರಿಪೋರ್ಟ್ ಇಲ್ಲದೆ ಪೊಲೀಸರು ಚಾರ್ಜ್‌ಶೀಟ್ ಹಾಕಿದರೆ ಅದನ್ನು ಚಾರ್ಜ್‌ಶೀಟ್ ಅನ್ನಬಹುದಾ? ಅಥವಾ ಆ ದಿನಕ್ಕೆ ಆರೋಪಿಗೆ ಡೀಫಾಲ್ಟ್ ಬೇಲ್ ಹಕ್ಕು ಹುಟ್ಟುತ್ತದಾ? ಇವತ್ತಿನ ಮಾತು ಇಷ್ಟೇ.

ಡೀಫಾಲ್ಟ್ ಬೇಲ್ ಅಂದರೇನು ಅಂತ ನಿಮಗೆ ಪಾಠ ಮಾಡಬೇಕಿಲ್ಲ. ಆದರೂ ಹಿಂದಿನ ಸಾಲಿನಲ್ಲಿ ಕಾಲೇಜು ಮಕ್ಕಳು ಇದ್ದಾರೆ, ಅವರಿಗಾಗಿ ಎರಡು ಮಾತು. ಗಡುವಿನೊಳಗೆ ತನಿಖೆ ಮುಗಿಸದಿದ್ದರೆ ಆರೋಪಿಯನ್ನು ಒಳಗೆ ಇಟ್ಟುಕೊಳ್ಳುವ ಅಧಿಕಾರ ಕೋರ್ಟಿಗೆ ಇರುವುದಿಲ್ಲ. ಜಾಮೀನು ಕೇಳಿದರೆ, ಷರತ್ತಿಗೆ ಒಪ್ಪಿ ಶ್ಯೂರಿಟಿ ಕೊಟ್ಟರೆ, ಬಿಡಲೇಬೇಕು. ಅವನು ತಪ್ಪು ಮಾಡಿದ್ದಾನಾ, ಮತ್ತೆ ಮಾಡುತ್ತಾನಾ ಎಂಬ ವಿಚಾರ ಇಲ್ಲಿ ಬರುವುದೇ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 167(2) ಇದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 187(3). ಎನ್‌ಡಿಪಿಎಸ್‌ನಲ್ಲಿ 37 ಇದೆಯಲ್ಲ, ಡೀಫಾಲ್ಟ್ ಬೇಲ್‌ಗೆ ಅದು ಅಡ್ಡ ಬರುವುದಿಲ್ಲವಾ ಅಂತ ಈಗಲೂ ಕೇಳುವವರಿದ್ದಾರೆ. ಬರುವುದಿಲ್ಲ. 1995ರಲ್ಲೇ ತಮಿಳರಸಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿ ಮುಗಿಸಿದೆ. 2020ರ ಬಿಕ್ರಮ್‌ಜಿತ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಇದು ಬರೀ ಕಾನೂನಿನ ಸವಲತ್ತಲ್ಲ, ಸಂವಿಧಾನದ 21ನೇ ವಿಧಿಯ ಮೂಲಭೂತ ಹಕ್ಕಿನ ಭಾಗ ಅಂದಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎನ್‌ಡಿಪಿಎಸ್‌ನ 36ಎ(4) ಓದಿ. ಓದಿದ್ದೀರಿ, ಗೊತ್ತು. ಇನ್ನೊಮ್ಮೆ ನಿಧಾನವಾಗಿ ಓದಿ. ಕೊಲೆ ಕೇಸಿನಲ್ಲಿ ಪೊಲೀಸರಿಗೆ 90 ದಿನ. ವಾಣಿಜ್ಯ ಪ್ರಮಾಣದ ಮಾದಕ ವಸ್ತು ಕೇಸಿನಲ್ಲಿ 180 ದಿನ. ದುಪ್ಪಟ್ಟು. ಅಷ್ಟೂ ಸಾಲದಿದ್ದರೆ ಒಂದು ವರ್ಷದವರೆಗೆ ವಿಸ್ತರಣೆ ಕೇಳಬಹುದು. ಆದರೆ ಅದು ಸುಮ್ನೆ ಸಿಗುವುದಿಲ್ಲ. ಪಬ್ಲಿಕ್ ಪ್ರಾಸಿಕ್ಯೂಟರ್ ವರದಿ ಕೊಡಬೇಕು. ತನಿಖೆ ಎಲ್ಲಿವರೆಗೆ ಬಂದಿದೆ ಅಂತ ಅದರಲ್ಲಿ ಇರಬೇಕು. 180 ದಿನ ಮೀರಿ ಈ ಮನುಷ್ಯನನ್ನು ಒಳಗೆ ಇಡಲು ನಿರ್ದಿಷ್ಟ ಕಾರಣ ಏನು ಅಂತಲೂ ಇರಬೇಕು. 

ಆ ವರದಿ ಹೇಗಿರಬೇಕು ಅಂತ ಹಳೆಯ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕಾಲದಿಂದ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ. 1994ರ ಹಿತೇಂದ್ರ ವಿಷ್ಣು ಠಾಕೂರ್ ತೀರ್ಪಿನ ಪ್ರಕಾರ ಪ್ರಾಸಿಕ್ಯೂಟರ್ ಪೋಸ್ಟ್ ಆಫೀಸ್ ಅಲ್ಲ. ತನಿಖಾಧಿಕಾರಿ ಬರೆದುಕೊಟ್ಟದ್ದನ್ನು ಲಕೋಟೆ ಬದಲಿಸಿ ಮುಂದೆ ತಳ್ಳುವ ಹಾಗಿಲ್ಲ, ಸ್ವಂತ ತಲೆ ಓಡಿಸಬೇಕು. 2022ರ ಜಿಗರ್ ತೀರ್ಪಿನ ಪ್ರಕಾರ ವಿಸ್ತರಣೆ ಕೇಳಿದ ದಿನ ಆರೋಪಿ ಕೋರ್ಟಿನ ಮುಂದೆ ಇರಬೇಕು, ನಿನ್ನ ಮೇಲೆ ಇಂಥದ್ದೊಂದು ಅರ್ಜಿ ಬಂದಿದೆ ಅಂತ ಅವನಿಗೆ ತಿಳಿಸಬೇಕು. ವಿಡಿಯೊದಲ್ಲಾದರೂ ಸರಿ.

ಹಾಗಾದರೆ ನೋಡಿ. 180ನೇ ದಿನ ಹತ್ತಿರ ಬಂತು, ಲ್ಯಾಬ್ ರಿಪೋರ್ಟ್ ಬಂದಿಲ್ಲ. ಕಾನೂನೇ ಅದಕ್ಕೆ ಬಾಗಿಲು ಇಟ್ಟಿದೆ. ಪ್ರಾಸಿಕ್ಯೂಟರ್ ಬರಲಿ, ಸ್ಯಾಂಪಲ್ ಇಂಥ ದಿನ ಕಳಿಸಿದ್ದೇವೆ, ಇಷ್ಟು ಸಲ ನೆನಪೋಲೆ ಬರೆದಿದ್ದೇವೆ, ಇನ್ನೂ ಇಷ್ಟು ದಿನ ಬೇಕು ಅನ್ನಲಿ. ನ್ಯಾಯಾಧೀಶರು ಕೇಳುತ್ತಾರೆ. ಆರೋಪಿಯ ವಕೀಲ ವಿರೋಧಿಸುತ್ತಾನೆ. ಆಮೇಲೆ ಆದೇಶ. ಅದನ್ನು ಬಿಟ್ಟು 175ನೇ ದಿನ ರಿಪೋರ್ಟ್ ಇಲ್ಲದ ಚಾರ್ಜ್‌ಶೀಟ್ ಹಾಕಿಬಿಟ್ಟರೆ ಏನಾಗುತ್ತದೆ? ಪ್ರಾಸಿಕ್ಯೂಟರ್ ವರದಿ ಬೇಡ. ಕಾರಣ ಬೇಡ. ಆರೋಪಿಯ ಮಾತು ಕೇಳುವುದು ಬೇಡ. ಒಂದು ವರ್ಷದ ಮಿತಿಯೂ ಇಲ್ಲ! ರಿಪೋರ್ಟ್ ಬಂದಾಗ ಬಂತು. ಮುಂಬಾಗಿಲಿಗೆ ಅಷ್ಟೆಲ್ಲ ಚಿಲಕ ಹಾಕಿ ಹಿತ್ತಲ ಬಾಗಿಲನ್ನು ಹಾಗೇ ತೆರೆದಿಟ್ಟ ಹಾಗಾಯಿತು. ರಿಪೋರ್ಟ್ ಇಲ್ಲದ ಚಾರ್ಜ್‌ಶೀಟ್ ಪೂರ್ತಿಯೇ ಅನ್ನುವವರು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ.

ಲ್ಯಾಬಿಗೆ ಹೊರೆ ಜಾಸ್ತಿ ಅನ್ನುತ್ತಾರೆ. ನಿಜ. ನಮ್ಮಲ್ಲಿ ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಮೈಸೂರು, ಬೆಳಗಾವಿ, ದಾವಣಗೆರೆ, ಕಲಬುರಗಿ, ಮಂಗಳೂರು ಕಡೆ ಪ್ರಾದೇಶಿಕ ಲ್ಯಾಬುಗಳಿವೆ. ಕೊಲೆ, ವಿಷ, ರಕ್ತ, ಡಿಎನ್‌ಎ, ಮೊಬೈಲ್ ಎಲ್ಲವೂ ಅಲ್ಲಿಗೇ ಹೋಗಬೇಕು. ಅಲ್ಲಿ ಕೂತು ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಯಮ ಮಾಡಿದ್ದು ಸರ್ಕಾರವೇ ಅಲ್ವಾ? 2022ರ ಡಿಸೆಂಬರ್ 23ರಿಂದ ಜಾರಿಯಲ್ಲಿರುವ ಎನ್‌ಡಿಪಿಎಸ್ ಜಪ್ತಿ, ಸಂಗ್ರಹಣೆ, ಸ್ಯಾಂಪಲ್ ನಿಯಮಗಳನ್ನು ನೋಡಿ. ಸ್ಯಾಂಪಲ್ ತಲುಪಿದ 15 ದಿನಗಳೊಳಗೆ ಲ್ಯಾಬ್ ರಿಪೋರ್ಟ್ ಕೊಡಬೇಕು. ಪ್ರಮಾಣದ ಪರೀಕ್ಷೆಗೆ ಇನ್ನೂ ಸಮಯ ಬೇಕಾದರೆ, ವಸ್ತು ಯಾವುದು ಎಂಬುದನ್ನಾದರೂ ಮೊದಲ 15 ದಿನದಲ್ಲಿ ಹೇಳಿ, ಉಳಿದದ್ದನ್ನು ಮುಂದಿನ 15 ದಿನದಲ್ಲಿ ಕಳಿಸಬೇಕು. 15 ದಿನದ ಕೆಲಸಕ್ಕೆ 180 ದಿನ ಕೊಟ್ಟೂ ಆಗಲಿಲ್ಲ ಅಂದರೆ ಅದರ ಬೆಲೆ ಯಾರು ಕಟ್ಟಬೇಕು? ಈಗಂತೂ ಜೈಲಿನಲ್ಲಿರುವವನು ಕಟ್ಟುತ್ತಿದ್ದಾನೆ.

ಇದಕ್ಕೂ ಮುಂಚೆ ಇನ್ನೊಂದು ತಡ ಆಗುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವುದೇ ಕಮ್ಮಿ. 2016ರ ಮೋಹನ್‌ಲಾಲ್ ತೀರ್ಪಿನ ನಂತರ ಸ್ಯಾಂಪಲ್ ತೆಗೆಯುವುದು ಮ್ಯಾಜಿಸ್ಟ್ರೇಟರ ಮುಂದೆ, 52ಎ ಪ್ರಕಾರ. ರಸ್ತೆಯಲ್ಲಿ ಪಂಚರ ಮುಂದೆ ಅಲ್ಲ. ಒಳ್ಳೆಯದೇ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವುದಕ್ಕೇ ಎರಡು ತಿಂಗಳು ತೆಗೆದುಕೊಂಡ ಫೈಲುಗಳನ್ನು ನಾನು ನೋಡಿದ್ದೇನೆ. ಆಮೇಲೆ ಬೈಗುಳ ತಿನ್ನುವುದು ಲ್ಯಾಬು. ಚಾರ್ಜ್‌ಶೀಟ್ ಕೈಗೆ ಬಂದ ತಕ್ಷಣ ಮೂರು ತಾರೀಖು ಬರೆದುಕೊಳ್ಳಿ: ಜಪ್ತಿ ಆದದ್ದು ಯಾವಾಗ, ಸ್ಯಾಂಪಲ್ ತೆಗೆದದ್ದು ಯಾವಾಗ, ಲ್ಯಾಬಿಗೆ ತಲುಪಿದ್ದು ಯಾವಾಗ. ತಡ ಎಲ್ಲಿ ಆಯಿತು ಅಂತ ಅಲ್ಲೇ ಗೊತ್ತಾಗುತ್ತದೆ.

ಎದುರು ವಾದವನ್ನೂ ನ್ಯಾಯವಾಗಿ ಹೇಳಬೇಕು. ಅದು ಹಗುರವಾದ ವಾದ ಅಲ್ಲ. ಚಾರ್ಜ್‌ಶೀಟಿನಲ್ಲಿ ಏನೇನು ಇರಬೇಕು ಅಂತ ಹಳೆಯ ಸಿಆರ್‌ಪಿಸಿಯ 173(2), ಈಗಿನ ಬಿಎನ್‌ಎಸ್‌ಎಸ್‌ನ 193(3) ಹೇಳುತ್ತದೆ. ಪಕ್ಷಕಾರರ ಹೆಸರು, ಮಾಹಿತಿಯ ಸ್ವರೂಪ, ಯಾರು ಅಪರಾಧ ಮಾಡಿದಂತೆ ಕಾಣುತ್ತದೆ, ಬಂಧನ ಆಗಿದೆಯಾ, ಇಂಥವು. ತಜ್ಞರ ವರದಿ ಲಗತ್ತಿಸಲೇಬೇಕು ಅಂತ ಆ ಪಟ್ಟಿಯಲ್ಲಿ ಇಲ್ಲ. ತನಿಖಾಧಿಕಾರಿ ಸ್ಯಾಂಪಲ್ ಕಳಿಸಿದ ಮೇಲೆ ಅವನ ಕೆಲಸ ಮುಗಿಯಿತು, ಲ್ಯಾಬು ಅವನ ಕೈ ಕೆಳಗಿಲ್ಲ. ವರದಿ ಆಮೇಲೆ ಬಂದರೆ ಪೂರಕವಾಗಿ ಕೊಡಬಹುದು. 1978ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಪೂರ್ಣಪೀಠ ಮೆಹಲ್ ಸಿಂಗ್ ಪ್ರಕರಣದಲ್ಲಿ ತಜ್ಞರ ವರದಿ ಇಲ್ಲದಿದ್ದರೂ ತನಿಖೆ ಮುಗಿದಂತೆಯೇ ಅಂದಿತ್ತು. 2024ರ ಜನವರಿಯಲ್ಲಿ ಕಪಿಲ್ ವಾಧವಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಹೆಚ್ಚಿನ ತನಿಖೆ ಬಾಕಿ ಇದೆ ಅನ್ನುವ ಒಂದೇ ಕಾರಣಕ್ಕೆ ಚಾರ್ಜ್‌ಶೀಟ್ ಅಪೂರ್ಣ ಆಗುವುದಿಲ್ಲ ಅಂತ ಹೇಳಿದೆ. ಅದು ಬ್ಯಾಂಕ್ ವಂಚನೆಯ ಕೇಸು, ಆದರೆ ಪ್ರಾಸಿಕ್ಯೂಟರುಗಳು ಅದನ್ನು ನಮ್ಮ ಕೇಸಿಗೂ ತಂದು ಇಡುತ್ತಾರೆ.

ನನ್ನ ಉತ್ತರ ಇದು. ಕೊಲೆ ಕೇಸಿನಲ್ಲಿ ಹೆಣ ಇದೆ, ನೋಡಿದವರು ಇದ್ದಾರೆ. ಮಚ್ಚಿನ ಮೇಲಿನ ರಕ್ತ ಯಾರದ್ದು ಅಂತ ಲ್ಯಾಬು ಹೇಳಿದರೆ ಕೇಸಿಗೆ ಬಲ, ಹೇಳದಿದ್ದರೂ ಕೊಲೆ ಆದದ್ದು ಸುಳ್ಳಾಗುವುದಿಲ್ಲ. ಮಾದಕ ವಸ್ತು ಕೇಸಿನಲ್ಲಿ ಹಾಗಲ್ಲ. ಒಬ್ಬನ ಜೇಬಿನಲ್ಲಿ ಹರಳು ಇತ್ತು ಎಂಬುದು ಅಪರಾಧ ಅಲ್ಲ. ಸಕ್ಕರೆಯೂ ಹರಳೇ. ಆ ಹರಳು ಇಂಥ ವಸ್ತು ಎಂಬುದೇ ಅಪರಾಧ. ಅಂದರೆ ಇಲ್ಲಿ ಲ್ಯಾಬ್ ರಿಪೋರ್ಟ್ ಸಾಕ್ಷ್ಯಕ್ಕೆ ಆಸರೆ ಅಲ್ಲ, ಅಪರಾಧ ನಡೆದಿದೆ ಅಂತ ಹೇಳುವ ಕಾಗದವೇ ಅದು. 2018ರಲ್ಲಿ ಅದೇ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಎನ್‌ಡಿಪಿಎಸ್ ಕೇಸನ್ನು ಈ ಕಾರಣಕ್ಕೇ ಬೇರೆ ಮಾಡಿ ನೋಡಿತು, ರಿಪೋರ್ಟ್ ಇಲ್ಲದ ಚಾರ್ಜ್‌ಶೀಟ್ ಅಪೂರ್ಣ ಅಂದಿತು. ಬಾಂಬೆ ಹೈಕೋರ್ಟಿನಲ್ಲಿ 2021ರಲ್ಲಿ ಏಕಸದಸ್ಯ ಪೀಠವೊಂದು ಹಾಗೇ ಹೇಳಿತು, ಅದೇ ವರ್ಷ ಅದೇ ಹೈಕೋರ್ಟಿನ, ಗೋವಾದಲ್ಲಿ ಕೂತ ಇಬ್ಬರು ನ್ಯಾಯಮೂರ್ತಿಗಳ ಪೀಠ ಇಲ್ಲ, ಪೂರ್ತಿಯೇ ಅಂದಿತು. ದೆಹಲಿ ಹೈಕೋರ್ಟ್ ಕೂಡ ಪೂರ್ತಿಯೇ ಅನ್ನುವ ಕಡೆ. ಗಡಿ ದಾಟಿದರೆ ಹಕ್ಕೂ ಬದಲಾಗುವ ಪರಿಸ್ಥಿತಿ. ದೆಹಲಿಯ ಪ್ರಕರಣಗಳಿಂದ ಎದ್ದ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ನಡುವೆ ಕೆಲವರಿಗೆ ಮಧ್ಯಂತರ ಜಾಮೀನೂ ಸಿಕ್ಕಿತು.

ಗಾಂಜಾ ವಿಷಯದಲ್ಲಿ ಒಂದು ಮಾತು ಸೇರಿಸಬೇಕು, ಯಾಕೆಂದರೆ ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಬರುವುದು ಹೆಚ್ಚಾಗಿ ಅದೇ. ಗಾಂಜಾ ಯಾರಿಗೆ ಗೊತ್ತಿಲ್ಲ ಸಾರ್, ವಾಸನೆಯಲ್ಲೇ ಗೊತ್ತಾಗುತ್ತದೆ, ಅದಕ್ಕೇಕೆ ಲ್ಯಾಬು ಅನ್ನುತ್ತಾರೆ. ವಾಸನೆಗೆ ಗೊತ್ತಾಗಬಹುದು, ವ್ಯಾಖ್ಯೆಗೆ ಗೊತ್ತಾಗಬೇಕಲ್ಲ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಯಲ್ಲಿ ಇಲ್ಲದಿದ್ದರೆ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ವಾಣಿಜ್ಯ ಪ್ರಮಾಣ 20 ಕೆಜಿ. ಮಹಜರಿನಲ್ಲಿ ‘ಹೂ, ಎಲೆ, ಕಾಂಡ, ಬೀಜ ಮಿಶ್ರಿತ 21 ಕೆಜಿ 200 ಗ್ರಾಂ’ ಅಂತ ಇರುತ್ತದೆ, ಕೆಲವು ಸಲ ಗೋಣಿಚೀಲವೂ ಸೇರಿ. ಎರಡು ಪೊಟ್ಟಣದಲ್ಲಿ ತುದಿಯೇ ಇಲ್ಲ, ಬರೀ ಸೊಪ್ಪು ಅಂತಾದರೆ 20ರ ಕೆಳಗೆ ಬರುತ್ತದೆ. ಆಗ 180 ದಿನ ಹೋಗಿ 60 ಆಗುತ್ತದೆ. 10 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಕ್ಕೆ 60 ದಿನವೇ ಅಂತ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪಿನಲ್ಲಿ ಬಹುಮತ ಹೇಳಿದೆ. ಹೊಸ ಸಂಹಿತೆಯಲ್ಲಿ ಪದ ಕೊಂಚ ಬದಲಾಗಿದೆ, ‘ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು’ ಅಂತ. ತಿರುಳು ಬದಲಾಗಿಲ್ಲ ಅಂತ ನಾನು ವಾದ ಮಾಡುತ್ತೇನೆ, ನೀವೂ ಮಾಡಿ.

ಹೀರಾ ಸಿಂಗ್ ತೀರ್ಪನ್ನು ಮರೆಯಬೇಡಿ. 2020ರ ಏಪ್ರಿಲ್‌ನದ್ದು. ಮಿಶ್ರಣ ಇದ್ದರೆ ಶುದ್ಧ ಮಾದಕದ ಪಾಲಷ್ಟನ್ನೇ ಅಲ್ಲ, ಇಡೀ ಮಿಶ್ರಣದ ತೂಕ ಲೆಕ್ಕಕ್ಕೆ ಬರುತ್ತದೆ ಅಂತ ಮೂವರು ನ್ಯಾಯಮೂರ್ತಿಗಳು ಹೇಳಿದ್ದಾರೆ. ಹಾಗಾಗಿ ‘ಶೇಕಡಾ ಎಷ್ಟು ಶುದ್ಧ ಅಂತ ಗೊತ್ತಿಲ್ಲ, ಚಾರ್ಜ್‌ಶೀಟ್ ಅಪೂರ್ಣ’ ಅಂತ ವಾದ ಮಾಡಿದರೆ ನಿಲ್ಲುವುದಿಲ್ಲ. ‘ವಸ್ತು ಯಾವುದು ಅಂತಲೇ ಗೊತ್ತಿಲ್ಲ’ ಅನ್ನುವುದು ನಮ್ಮ ವಾದ. ಎರಡನ್ನೂ ಕಲಸಿ ವಾದ ಮಾಡಿ ಒಳ್ಳೆಯ ಕೇಸು ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಈಗ ಗಡಿಯಾರದ ವಿಷಯ. ಬಂಧನದ ದಿನದಿಂದ ಎಣಿಸಬೇಡಿ. ಮೊದಲ ರಿಮಾಂಡ್ ದಿನದಿಂದ, ಅಂದರೆ ಕೋರ್ಟು ಮೊದಲ ಸಲ ಕಸ್ಟಡಿಗೆ ಕಳಿಸಿದ ದಿನದಿಂದ ಎಣಿಸಿ, ಆ ದಿನವನ್ನೂ ಸೇರಿಸಿ. 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿದೆ. ಅದೂ ವಾಧವಾನ್ ಹೆಸರಿನದ್ದೇ, ಆದರೆ ಜಾರಿ ನಿರ್ದೇಶನಾಲಯ (ಇ.ಡಿ.) ಹಾಕಿದ ಬೇರೆ ಪ್ರಕರಣ, ಗೊಂದಲ ಮಾಡಿಕೊಳ್ಳಬೇಡಿ. ಜನವರಿ 10ಕ್ಕೆ ರಿಮಾಂಡ್ ಆದರೆ, ಫೆಬ್ರವರಿಗೆ 28 ದಿನ ಇರುವ ವರ್ಷದಲ್ಲಿ, ಜುಲೈ 8 ಬಂದರೆ 180 ತುಂಬಿತು. ಜುಲೈ 9ರ ಬೆಳಿಗ್ಗೆ ನಿಮ್ಮ ಅರ್ಜಿ ಒಳಗೆ ಹೋಗಬೇಕು.

ಬೆಳಿಗ್ಗೆ ಅಂದೆ. ಯಾಕೆ ಅಂತ ಒಂದು ತೀರ್ಪು ಹೇಳುತ್ತದೆ. ಎಂ. ರವೀಂದ್ರನ್ ಪ್ರಕರಣ, 2020ರ ಅಕ್ಟೋಬರ್ 26. ಬರೆದವರು ನಮ್ಮ ಹಾವೇರಿ ಜಿಲ್ಲೆ ಚಿಕ್ಕೇರೂರಿನ ಮೋಹನ ಶಾಂತನಗೌಡರ ಅವರು. ಅದೂ ಎನ್‌ಡಿಪಿಎಸ್ ಕೇಸೇ. 2019ರ ಜನವರಿ 31ಕ್ಕೆ 180 ದಿನ ಮುಗಿಯಿತು. ಫೆಬ್ರವರಿ 1ರ ಬೆಳಿಗ್ಗೆ ಹತ್ತೂವರೆಗೆ ಆರೋಪಿ ಅರ್ಜಿ ಹಾಕಿದ. ಅದೇ ದಿನ ಸಂಜೆ 4 ಗಂಟೆ 25 ನಿಮಿಷಕ್ಕೆ ತನಿಖಾ ಸಂಸ್ಥೆ ಹೆಚ್ಚುವರಿ ದೂರು ತಂದು ಹಾಕಿತು, ಅಂಥ ಸಂಸ್ಥೆಯ ದೂರು ಅಂದರೆ ಚಾರ್ಜ್‌ಶೀಟ್ ಇದ್ದ ಹಾಗೆ. ವಿಶೇಷ ಕೋರ್ಟು ಜಾಮೀನು ಕೊಟ್ಟಿತು, ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ಅರ್ಜಿ ಹಾಕಿದ ಕ್ಷಣಕ್ಕೆ ಹಕ್ಕನ್ನು ಬಳಸಿಕೊಂಡ ಹಾಗೆ. ಆಮೇಲೆ ಏನು ತಂದು ಹಾಕಿದರೂ ಅದು ಅಳಿಯುವುದಿಲ್ಲ. ಆದರೆ 4.25ಕ್ಕೆ ದೂರು ಬಂದು, ನಿಮ್ಮ ಅರ್ಜಿ ಮಾರನೇ ದಿನ ಬಂದಿದ್ದರೆ ಕಥೆ ಬೇರೆ. ಬಳಸದ ಹಕ್ಕು ಚಾರ್ಜ್‌ಶೀಟ್ ಬಂದ ಕೂಡಲೇ ಹೋಗುತ್ತದೆ ಅಂತ 1994ರಲ್ಲೇ ಸಂಜಯ್ ದತ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ.

ಶ್ಯೂರಿಟಿಯನ್ನೂ ಸಿದ್ಧ ಇಟ್ಟುಕೊಳ್ಳಿ. ಆದೇಶ ಆದ ಮೇಲೆ ಪಹಣಿ ತೆಗೆಸಲು ಊರಿಗೆ ಓಡುವುದಲ್ಲ. ಕೋರ್ಟು ಕೊಟ್ಟ ಅವಧಿಯೊಳಗೆ ಷರತ್ತು ಪೂರೈಸದಿದ್ದರೆ ಗೆದ್ದ ಹಕ್ಕೂ ಕೈ ಬಿಡಬಹುದು.

ಇನ್ನು ನಿಮ್ಮ ಪ್ರಶ್ನೆಗಳು.

ಹಿರಿಯರೊಬ್ಬರು ಎದ್ದು ಕೇಳಿದರು: “ನೀವು ಹೇಳಿದ್ದೆಲ್ಲ ಸರಿ. ಆದರೆ ಹಳ್ಳಿ ಹಳ್ಳಿಗೂ ಈ ಪುಡಿ ಬಂದುಬಿಟ್ಟಿದೆ. ಮಾರುವವನನ್ನು ಒಂದು ಕಾಗದ ಇಲ್ಲ ಅಂತ ಬಿಟ್ಟರೆ ಹೇಗೆ?”

ಸರ್, ನನಗೂ ಬೆಳೆದ ಮಗ ಇದ್ದಾನೆ. ಆ ಭಯ ನನಗೂ ಇದೆ. ಡೀಫಾಲ್ಟ್ ಬೇಲ್ ಬಿಡುಗಡೆ ಅಲ್ಲ, ಕೇಸು ನಡೆಯುತ್ತದೆ. ಚಾರ್ಜ್‌ಶೀಟ್ ಬಂದ ಮೇಲೆ ಗಟ್ಟಿಯಾದ ಕಾರಣ ಇದ್ದರೆ ಆ ಜಾಮೀನನ್ನು ರದ್ದು ಕೂಡ ಮಾಡಬಹುದು ಅಂತ 2023ರ ಜನವರಿಯಲ್ಲಿ ಗಂಗಿರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಿಪೋರ್ಟ್ ತರಲಿ, ಕೇಳಲಿ. ಮಾರುವವನು ಯಾರು, ಸುಮ್ನೆ ಸಿಕ್ಕಿಬಿದ್ದವನು ಯಾರು ಅಂತ ಬೇರೆ ಮಾಡುವುದಕ್ಕೂ ಆ ಕಾಗದವೇ ಬೇಕು.

ಕೊನೆಯ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೇಳಿದಳು: “ಸರ್, 180ನೇ ದಿನ ಶನಿವಾರ ಬಿದ್ದರೆ? ಭಾನುವಾರ ಕೋರ್ಟ್ ಇರಲ್ವಲ್ಲ?”

ಇದನ್ನು ಹೇಳಬಾರದು ಅಂದುಕೊಂಡಿದ್ದೆ. ಕೇಳಿದ್ದೀಯಮ್ಮ, ಹೇಳುತ್ತೇನೆ. ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಗಾಂಜಾ ಕೇಸು. 180ನೇ ದಿನ ಶನಿವಾರವೇ ಬಿತ್ತು. ಚಾರ್ಜ್‌ಶೀಟ್ ಬಂದಿರಲಿಲ್ಲ. ಸೋಮವಾರ ನನಗೆ ಬೇರೆ ಊರಿನಲ್ಲಿ ಪಾಟೀಸವಾಲು ಇತ್ತು. ಆರು ತಿಂಗಳು ಹಾಕದವರು ಒಂದು ದಿನದಲ್ಲಿ ಏನು ಹಾಕುತ್ತಾರೆ, ಮಂಗಳವಾರ ಬಂದು ಅರ್ಜಿ ಕೊಟ್ಟರಾಯಿತು ಅಂದುಕೊಂಡೆ. ಮಂಗಳವಾರ ಬಂದು ನೋಡಿದರೆ ಸೋಮವಾರ ಮಧ್ಯಾಹ್ನವೇ ಚಾರ್ಜ್‌ಶೀಟ್ ಬಂದಿದೆ. ದಾಖಲೆ ಪಟ್ಟಿಯ ಕೊನೆಗೆ ಒಂದು ಸಾಲು: ‘ಎಫ್‌ಎಸ್‌ಎಲ್ ವರದಿ ಬಂದ ನಂತರ ಸಲ್ಲಿಸಲಾಗುವುದು.’ ಅಪೂರ್ಣ ಅಂತ ಗಂಟೆಗಟ್ಟಲೆ ವಾದ ಮಾಡಿದೆ. ಅರ್ಜಿ ವಜಾ ಆಯಿತು. ರಿಪೋರ್ಟ್ ಬಂದದ್ದು ಮತ್ತೆ ಐದು ತಿಂಗಳಿಗೆ. ಅದು ಗಾಂಜಾನೇ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸೋಮವಾರ ಹತ್ತೂವರೆಗೆ ನಾನು ಅಲ್ಲಿದ್ದಿದ್ದರೆ ಅದು ಏನಾಗಿದೆ ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ.

ಆದೇಶ ಆದ ದಿನ ಆರೋಪಿಯ ತಾಯಿ ಕಾರಿಡಾರಿನಲ್ಲಿ ನಿಂತಿದ್ದರು. ಅಪೂರ್ಣ, ಪೂರ್ಣ, ಹೈಕೋರ್ಟು ಅಂತ ನಾನು ಏನೇನೋ ವಿವರಿಸಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು, “ಸೋಮವಾರ ನೀವು ಎಲ್ಲಿದ್ರಿ ಸಾರ್?”